ಫೈನಲ್ ಫ್ಯಾಂಟಸಿ 9 ಮತ್ತೆ ಶುರು ಮಾಡಿದ್ದೇನೆ, ಲಿಂಡ್‌ಬ್ಲಮ್ ಬಿಟ್ಟು ಹೊರಡಲು ಮನಸ್ಸೇ ಬರುತ್ತಿಲ್ಲ

ಹಳೇ_ಮೆಮೊರಿಕಾರ್ಡ್
ಎಲ್ಲರಿಗೂ ನಮಸ್ಕಾರ. ಸಮಸ್ಯೆ ಚಿಕ್ಕದು. ಆದರೆ ಮೂರು ವಾರದಿಂದ ಬಗೆಹರಿದಿಲ್ಲ.

ಫೈನಲ್ ಫ್ಯಾಂಟಸಿ 9 ಮತ್ತೆ ಆಡುತ್ತಿದ್ದೇನೆ, ಕಂಪ್ಯೂಟರ್ ಆವೃತ್ತಿ. ಗಡಿಯಾರ 14 ಗಂಟೆ ತೋರಿಸುತ್ತಿದೆ. ಕಥೆಯ ನಾಲ್ಕು ಡಿಸ್ಕ್‌ಗಳಲ್ಲಿ ನಾನಿನ್ನೂ ಮೊದಲನೆಯದರಲ್ಲೇ ಇದ್ದೇನೆ, ಲಿಂಡ್‌ಬ್ಲಮ್ ಅನ್ನುವ ಊರಿನಲ್ಲಿ! ಬೇಟೆ ಹಬ್ಬ ಶುರು ಮಾಡಿದರೆ ಕಥೆ ಮುಂದೆ ಹೋಗುತ್ತದೆ. ನಾನು ಶುರು ಮಾಡುತ್ತಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಆಟ ತೆಗೆಯುತ್ತೇನೆ, ಏರ್ ಕ್ಯಾಬ್ ಹತ್ತಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತೇನೆ, ಬೀದಿಯಲ್ಲಿ ನಿಂತವರನ್ನೆಲ್ಲ ಮಾತಾಡಿಸುತ್ತೇನೆ, ಸೇವ್ ಮಾಡಿ ಮಲಗುತ್ತೇನೆ. ಉಪ್ಪಿನಕಾಯಿ ಮಾರುವ ಅಜ್ಜಿಗೆ ನನ್ನ ಗುರುತು ಸಿಗಬೇಕಿತ್ತು ಇಷ್ಟೊತ್ತಿಗೆ.

ಮೊದಲ ಸಲ ಆಡಿದ್ದು 2003ರಲ್ಲಿ, ದೊಡ್ಡಪ್ಪನ ಮಗನ ಪ್ಲೇಸ್ಟೇಷನ್‌ನಲ್ಲಿ. ಆಗ ಹೀಗೆ ಆಗಿರಲಿಲ್ಲ. ಓಡಿದ್ದೇ ಓಡಿದ್ದು. ಆಫೀಸಿನ ಗೆಳೆಯ ಒಬ್ಬ ಹೇಳುತ್ತಾನೆ, ವೇಗ ಹೆಚ್ಚಿಸುವ ಬಟನ್ ಇದೆ, ಶತ್ರುಗಳು ಎದುರಾಗದಂತೆ ಮಾಡುವ ಬಟನ್ ಇದೆ, ಎಲ್ಲ ಒತ್ತಿ ಒಂದು ವೀಕೆಂಡ್‌ನಲ್ಲಿ ಮುಗಿಸು ಅಂತ. ಹಾಗೆ ಆಡಿದವರು ಇದ್ದೀರಾ? ಆಮೇಲೆ ಏನನ್ನಿಸಿತು?

ಕುಪೋಕಾಯಿ
ನಾನು ಆಡಿದ್ದೇನೆ. ಎರಡು ದಿನದಲ್ಲಿ ಮುಗಿಯಿತು. ಏನೂ ನೆನಪಿಲ್ಲ.

ಸುಮ್ನೆ_ಕೂತವ
ವೇಗದ ಬಟನ್‌ಗೆ ಬೈಯಬೇಡಿ. ಪ್ಲೇಸ್ಟೇಷನ್‌ನಲ್ಲಿ ಪ್ರತಿ ಕಾಳಗ ಶುರುವಾಗುವ ಮುಂಚೆ ಕ್ಯಾಮೆರಾ ಒಂದು ಸುತ್ತು ಹಾಕುತ್ತಿತ್ತಲ್ಲ, ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬಹುದಿತ್ತು. ಅದರಲ್ಲಿ ಯಾವ ಸೌಂದರ್ಯವೂ ಇಲ್ಲ. ಊರಿನಲ್ಲಿ ನಿಧಾನ ನಡೆಯಿರಿ, ಕಾಳಗದಲ್ಲಿ ಬಟನ್ ಒತ್ತಿ. ಎರಡೂ ಒಟ್ಟಿಗೆ ಆಗುತ್ತದೆ.

ಆದರೆ 9999 ಹೊಡೆತದ ಬಟನ್ ಮಾತ್ರ ಮುಟ್ಟಬೇಡಿ. ಅದನ್ನು ಒತ್ತುವುದಾದರೆ ಯೂಟ್ಯೂಬ್‌ನಲ್ಲೇ ನೋಡಬಹುದು.

ಮಳೆಯೂರಿನ_ಫ್ರೇಯಾ
@ಹಳೇ_ಮೆಮೊರಿಕಾರ್ಡ್ ನಿಮಗೆ ಯಾಕೆ ಹಾಗಾಗುತ್ತಿದೆ ಅಂತ ನನಗೆ ಗೊತ್ತು. ಮೊದಲ ಸಲ ಆಡುವಾಗ ಲಿಂಡ್‌ಬ್ಲಮ್ ಒಂದು ಊರು ಅಷ್ಟೇ. ಎರಡನೇ ಸಲ ಹಾಗಲ್ಲ. ಎರಡನೇ ಡಿಸ್ಕ್‌ನಲ್ಲಿ ಆಟೊಮೋಸ್ ಅನ್ನುವ ದೈತ್ಯ ಜೀವಿ ಬಾಯಿ ತೆರೆದು ಆ ಊರನ್ನು ಹೀರುತ್ತದೆ ಅನ್ನುವುದು ನಿಮಗೆ ಗೊತ್ತಿದೆ. ಆ ಕೈಗಾರಿಕಾ ಬಡಾವಣೆಗೆ ಆಮೇಲೆ ಕಾಲಿಡಲೂ ಆಗುವುದಿಲ್ಲ. ಬೀದಿಯಲ್ಲಿ ನಿಂತವರಿಗೆ ಇದು ಗೊತ್ತಿಲ್ಲ, ನಿಮಗೆ ಗೊತ್ತು. ಅದಕ್ಕೇ ಹಬ್ಬ ಶುರು ಮಾಡುತ್ತಿಲ್ಲ.

ನನಗೆ ಆಟದ ಇನ್ನೊಂದು ಊರು ಕ್ಲೇರಾದಲ್ಲಿ ಹೀಗೇ ಆಗಿತ್ತು. ದೊಡ್ಡ ಮರದ ಮೇಲೆ ಊರು, ಸುತ್ತಲೂ ಮರಳು ಬಿರುಗಾಳಿಯೇ ಕೋಟೆಗೋಡೆ. ಅಲ್ಲಿನವರು ಹಾರ್ಪ್ ನುಡಿಸಿ ಕುಣಿಯುತ್ತಾರೆ. ಕುಣಿತದ ಮಧ್ಯೆ ತಂತಿ ಪಟ್ ಅಂತ ಹರಿಯುತ್ತದೆ, ಗಾಳಿ ನಿಂತುಬಿಡುತ್ತದೆ. ಅದಕ್ಕಿಂತ ಮುಂಚೆ ನಾನು ಆ ಊರಿನಲ್ಲಿ ಎರಡು ಸಂಜೆ ಸುಮ್ನೆ ಹತ್ತಿ ಇಳಿದಿದ್ದೇನೆ.

ಮೊದಲಸಲ_21
ಅಯ್ಯೋ!! ನಾನು ಮೊದಲ ಸಲ ಆಡುತ್ತಿದ್ದೇನೆ. ಈಗಷ್ಟೇ ಡಾಲಿ ಹಳ್ಳಿಗೆ ಬಂದಿದ್ದೆ. ಎರಡು ಊರು ಹೋಯಿತು.

ಮಳೆಯೂರಿನ_ಫ್ರೇಯಾ
ಕ್ಷಮಿಸಿ ತಮ್ಮ. ಆಟ ಬಂದಿದ್ದು 2000ದಲ್ಲಿ. ಇಷ್ಟು ವರ್ಷ ಆದ ಮೇಲೆ ಕಥೆ ಬಯಲಾಯಿತು ಅಂತ ಬೈಸಿಕೊಳ್ಳುತ್ತೇನೆ ಅಂದುಕೊಂಡಿರಲಿಲ್ಲ.

ಟ್ರೆನೋ_ರಾತ್ರಿ
ಡಾಲಿಯಲ್ಲಿದ್ದರೆ ಒಂದು ಕೆಲಸ ಮಾಡು. ಅಂಗಡಿಯಲ್ಲಿ, ಹೊಲದಲ್ಲಿ ಯಾರಿದ್ದಾರೆ ಅಂತ ನೋಡು. ದೊಡ್ಡವರು ಯಾಕೆ ಕಾಣುತ್ತಿಲ್ಲ ಅಂತ ಯೋಚಿಸು. ಇನ್ನೇನೂ ಹೇಳುವುದಿಲ್ಲ.

ತುಕ್ಕು_ಸೇನಾನಿ
ಎಲ್ಲರೂ ಊರು ಊರು ಅನ್ನುತ್ತಿದ್ದೀರಿ. ಈ ಆಟದ ಅತ್ಯಂತ ಒಳ್ಳೆಯ ಕತ್ತಿ ಯಾವುದು ಹೇಳಿ? ಎಕ್ಸ್‌ಕ್ಯಾಲಿಬರ್ 2. ಅದು ಸಿಗಬೇಕಾದರೆ 12 ಗಂಟೆಯೊಳಗೆ ಮೆಮೋರಿಯಾ ತಲುಪಬೇಕು. ಅಂದರೆ ಕೊನೆಯ ಡಿಸ್ಕ್. @ಹಳೇ_ಮೆಮೊರಿಕಾರ್ಡ್ ನೀವು 14 ಗಂಟೆಯಲ್ಲಿ ಮೊದಲ ಡಿಸ್ಕ್. ಕತ್ತಿ ಆಗಲೇ ಕೈಬಿಟ್ಟು ಹೋಗಿದೆ, ಆರಾಮಾಗಿ ಉಪ್ಪಿನಕಾಯಿ ತಿನ್ನಿ.

ಹಳೇ_ಮೆಮೊರಿಕಾರ್ಡ್
ಹೌದಲ್ಲ! ಅದು ಮರೆತೇ ಹೋಗಿತ್ತು. ಈಗ ಬೇಜಾರು ಮಾಡಿಕೊಳ್ಳಬೇಕೋ ಖುಷಿ ಪಡಬೇಕೋ ಗೊತ್ತಾಗುತ್ತಿಲ್ಲ.

ಸುಮ್ನೆ_ಕೂತವ
ನನಗೆ ಈ ಆಟದ ಮೇಲಿರುವ ದೊಡ್ಡ ಸಿಟ್ಟೇ ಅದು. ಒಂದು ಕಡೆ ಸೆಲೆಕ್ಟ್ ಬಟನ್ ಒತ್ತಿದರೆ ನಿನ್ನ ಜೊತೆಗಾರರು ಊರಿನ ಬೇರೆ ಮೂಲೆಯಲ್ಲಿ ಏನು ಮಾಡುತ್ತಿದ್ದಾರೆ ನೋಡು ಅಂತ ತೋರಿಸುತ್ತಾರೆ. ಕಪ್ಪು ಮಾಂತ್ರಿಕ ಹುಡುಗ ವಿವಿ ದಾರಿ ತಪ್ಪಿದ, ಅರಮನೆಯ ಯೋಧ ಸ್ಟೈನರ್ ಯಾರ ಜೊತೆಗೋ ಜಗಳ ಆಡಿದ, ಎಲ್ಲ ನಿಂತು ನೋಡಬೇಕಾದ್ದು. ಇನ್ನೊಂದು ಕಡೆ, ನಿಂತು ನೋಡಿದವನಿಗೆ ಕತ್ತಿ ಇಲ್ಲ, ಓಡಿದವನಿಗೆ ಇದೆ. ಮಾಡಿದವರಿಗೇ ತಮ್ಮ ಆಟ ಏನು ಅಂತ ಗೊತ್ತಿರಲಿಲ್ಲ ಅನ್ನಿಸುತ್ತದೆ.

ತುಕ್ಕು_ಸೇನಾನಿ
ಒಪ್ಪುವುದಿಲ್ಲ. ಆ ಕತ್ತಿ ಹತ್ತು ಸಲ ಆಡಿದವನಿಗೆ. ಯಾವ ಮೂಲೆಯಲ್ಲಿ ಯಾವ ಪೆಟ್ಟಿಗೆ ಇದೆ ಅಂತ ಕಣ್ಣು ಮುಚ್ಚಿ ಹೇಳುವವನಿಗೆ. ಅವನಿಗೂ ಈ ಲೋಕದ ಮೇಲೆ ಪ್ರೀತಿ ಇಲ್ಲ ಅಂತೀರಾ? ನಾನು ಹಳೆಯ ಕನ್ಸೋಲ್‌ನಲ್ಲಿ ಒಂದು ಸಲ ಪ್ರಯತ್ನಿಸಿದೆ. ಕಾಗದದ ಮೇಲೆ ಪ್ರತಿ ಊರಿಗೆ ಎಷ್ಟು ನಿಮಿಷ ಅಂತ ಬರೆದಿಟ್ಟುಕೊಂಡಿದ್ದೆ. ಡಾಲಿಗೆ ಇಷ್ಟು, ಬರ್ಮೇಸಿಯಾಗೆ ಇಷ್ಟು. ಕೊನೆಗೆ 12 ಗಂಟೆ 20 ನಿಮಿಷಕ್ಕೆ ತಲುಪಿದೆ. ಇಪ್ಪತ್ತು ನಿಮಿಷ! ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಕುಪೋಕಾಯಿ
ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು ಅಂತ ಗೊತ್ತಾ?

ತುಕ್ಕು_ಸೇನಾನಿ
ಗೊತ್ತು. ಅಲೆಕ್ಸಾಂಡ್ರಿಯಾ ಊರಿನಲ್ಲಿ ಹಗ್ಗ ಹಾರುವ ಆಟ ಆಡಿದೆ. ಅಭ್ಯಾಸ ಬಲ.

ಕುಪೋಕಾಯಿ
😂😂😂

ಟ್ರೆನೋ_ರಾತ್ರಿ
ಹಗ್ಗದಾಟದಲ್ಲಿ 1000 ಹಾರಿದವರು ಯಾರಾದರೂ ಇದ್ದಾರಾ ಇಲ್ಲಿ? ನನ್ನದು 214ಕ್ಕೆ ನಿಂತಿದೆ. ನಾಯಿ ಬೊಗಳಿತು.

ಇನ್ನು ಕತ್ತಿ ವಿಷಯ. ಎಕ್ಸ್‌ಕ್ಯಾಲಿಬರ್ 2ರ ಶಕ್ತಿ 108, ರಾಗ್ನರಾಕ್ ಅನ್ನುವ ಇನ್ನೊಂದು ಕತ್ತಿಯದು 87. ಇಪ್ಪತ್ತೊಂದು ಅಂಕಕ್ಕೆ ಇಷ್ಟು ಒದ್ದಾಟ ಯಾಕೆ? ಮಾಮೂಲಿ ಎಕ್ಸ್‌ಕ್ಯಾಲಿಬರ್‌ನ ಕಥೆಯೇ ಚೆನ್ನಾಗಿದೆ. ಟ್ರೆನೋದ ಹರಾಜಿನಲ್ಲಿ ಒಂದು ವಿಚಿತ್ರ ವಸ್ತು ಕೊಳ್ಳಬೇಕು. ಅದನ್ನು ದಗೆರೆಯೋ ಗ್ರಂಥಾಲಯದಲ್ಲಿ ಒಬ್ಬ ಮುದುಕನಿಗೆ ಕೊಡಬೇಕು. ಅವನು ಖುಷಿಯಾಗಿ ಕತ್ತಿ ಕೊಡುತ್ತಾನೆ. ಹರಾಜಿಗೆ ಯಾವಾಗಲೂ ಸೂರ್ಯ ಹುಟ್ಟದ ಊರು, ಕತ್ತಿಗೆ ಪುಸ್ತಕ ತುಂಬಿದ ದ್ವೀಪ. ಇದು ಆಟ. ಗಡಿಯಾರ ನೋಡಿಕೊಂಡು ಓಡುವುದು ಆಫೀಸ್ ಕೆಲಸ.

ಮೊದಲಸಲ_21
ದೊಡ್ಡವರು ಯಾಕೆ ಕಾಣುತ್ತಿಲ್ಲ ಅಂತ ಈಗ ಗೊತ್ತಾಯಿತು. ನೆಲದಡಿ ಹೋಗಿ ಬಂದೆ. ಮೊಟ್ಟೆಯೊಳಗಿಂದ ವಿವಿ ತರಹದವರೇ ಸಾಲಾಗಿ ಬರುತ್ತಿದ್ದಾರೆ. ಮಾತಾಡಿಸಿದರೆ ಯಾರೂ ಮಾತಾಡುವುದಿಲ್ಲ. ಇದು ಮಕ್ಕಳ ಆಟ ಅಂದುಕೊಂಡಿದ್ದೆ ನಾನು.

ಮಳೆಯೂರಿನ_ಫ್ರೇಯಾ
ಬಾ ತಮ್ಮ, ಕೂತ್ಕೋ. ಇನ್ನೂ ಇದೆ.

ಹಳೇ_ಮೆಮೊರಿಕಾರ್ಡ್
ನನ್ನ ಹಳೇ ಕಥೆ ಒಂದು ಹೇಳಿಬಿಡುತ್ತೇನೆ. ದೊಡ್ಡಪ್ಪನ ಮಗನ ಹತ್ತಿರ ಇದ್ದದ್ದು ಅಂಗಡಿಯವನು ಬರೆದುಕೊಟ್ಟ ನಾಲ್ಕು ಡಿಸ್ಕ್. ಮೂರನೆಯದರಲ್ಲಿ ಗೀರು ಬಿದ್ದಿತ್ತು. ಖಳನಾಯಕ ಕುಜಾ ಬಹಮೂತ್ ಅನ್ನುವ ಡ್ರ್ಯಾಗನ್ನನ್ನು ಅಲೆಕ್ಸಾಂಡ್ರಿಯಾ ಮೇಲೆ ಬಿಟ್ಟಾಗ ವೀಡಿಯೋ ಬರುತ್ತದಲ್ಲ, ಕೋಟೆಯಿಂದ ಬಿಳಿ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಸರಿಯಾಗಿ ಅಲ್ಲೇ ನಿಂತುಬಿಡುತ್ತಿತ್ತು. ಡಿಸ್ಕ್ ಅನ್ನು ಅಂಗಿಗೆ ಒರೆಸಿದೆವು, ಟೂತ್‌ಪೇಸ್ಟ್ ಹಚ್ಚಿದೆವು, ಕನ್ಸೋಲ್ ತಲೆಕೆಳಗು ಮಾಡಿ ಓಡಿಸಿದೆವು. ಏನೂ ಆಗಲಿಲ್ಲ. ಅಂಗಡಿಯವನು ಬದಲಾಯಿಸಿ ಕೊಡುವುದಿಲ್ಲ ಅಂದ.

ಆಗ ಅಣ್ಣ ಉಳಿದ ಕಥೆಯನ್ನು ಬಾಯಲ್ಲೇ ಹೇಳಿದ. ತನ್ನ ಗೆಳೆಯನ ಮನೆಯಲ್ಲಿ ಪೂರ್ತಿ ಆಡಿದ್ದೇನೆ ಅಂತ. ರೆಕ್ಕೆಗಳು ಊರನ್ನು ಉಳಿಸುತ್ತವೆ, ಸ್ಟೈನರ್ ಸೇನಾಪತಿ ಆಗುತ್ತಾನೆ, ಆಟದ ನಾಯಕ ಜಿಡಾನ್ ರಾಜ ಆಗುತ್ತಾನೆ. ಹತ್ತು ವರ್ಷ ಅದನ್ನೇ ನಂಬಿದ್ದೆ. ಕಾಲೇಜು ಮುಗಿದ ಮೇಲೆ ಎಮ್ಯುಲೇಟರ್‌ನಲ್ಲಿ ಆಡಿದಾಗ ಗೊತ್ತಾಯಿತು, ಅವನು ಏನನ್ನೂ ಆಡಿರಲಿಲ್ಲ. ಆ ರೆಕ್ಕೆ ಬಹಮೂತ್‌ನನ್ನು ಓಡಿಸುತ್ತದೆ, ನಿಜ. ಆಮೇಲೆ ಆಕಾಶದಲ್ಲಿ ಕೆಂಪು ಕಣ್ಣು ತೆರೆದುಕೊಂಡು ಅರ್ಧ ಊರೇ ಹೋಗುತ್ತದೆ. ಫೋನ್ ಮಾಡಿ ಕೇಳಿದೆ. 'ನೀನು ಅಳುತ್ತಿದ್ದೆ, ಅದಕ್ಕೆ ಹಾಗೆ ಹೇಳಿದೆ' ಅಂದ.

ತುಕ್ಕು_ಸೇನಾನಿ
ಅಣ್ಣ ಅಂದರೆ ಹಾಗಿರಬೇಕು.

ಸುಮ್ನೆ_ಕೂತವ
ನಿಮ್ಮಣ್ಣ ಹೇಳಿದ ಮುಕ್ತಾಯ ಮೂಲಕ್ಕಿಂತ ಪರವಾಗಿಲ್ಲ. ಕನಿಷ್ಠ ಅದರಲ್ಲಿ ನೆಕ್ರಾನ್ ಇಲ್ಲ. ನಾಲ್ಕು ಡಿಸ್ಕ್ ಕುಜಾನ ಹಿಂದೆ ಅಲೆದು, ಅವನನ್ನು ಸೋಲಿಸಿ, ಆಮೇಲೆ ಎಲ್ಲಿಂದಲೋ ಒಬ್ಬ ಬಂದು 'ನಾನೇ ಕೊನೆಯವನು' ಅಂತ ನಿಲ್ಲುತ್ತಾನೆ. ಅವನು ಯಾರು? ಯಾರ ಮಗ? ಮದುವೆ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದ ನೆಂಟನ ಹಾಗೆ.

ಮಳೆಯೂರಿನ_ಫ್ರೇಯಾ
ನೆಕ್ರಾನ್ ವಿಷಯದಲ್ಲಿ ವಾದ ಮಾಡುವುದಿಲ್ಲ, ಅದು ಹೊರಗಿಂದ ತಂದಿಟ್ಟ ಹಾಗೇ ಇದೆ. ಆದರೆ ಸಾವು ಅಂದರೆ ಏನು ಅಂತ ಆಟ ಅಲ್ಲಿಯವರೆಗೆ ಕೇಳಿಲ್ಲ ಅನ್ನಬೇಡಿ. ಕಪ್ಪು ಮಾಂತ್ರಿಕರ ಹಳ್ಳಿ ನೆನಪು ಮಾಡಿಕೊಳ್ಳಿ. ಹೆಸರಿಲ್ಲ, ಬರೀ ನಂಬರ್. ಹುಟ್ಟಿ ಒಂದು ವರ್ಷ ಆಗುತ್ತಿದ್ದ ಹಾಗೆ ಕೆಲವರು 'ನಿಂತುಬಿಡುತ್ತಾರೆ'. ಸತ್ತರು ಅನ್ನುವ ಮಾತು ಅವರಿಗೆ ಗೊತ್ತಿಲ್ಲ. ಸ್ಮಶಾನದ ಹತ್ತಿರ ಒಬ್ಬ ನಿಂತಿದ್ದಾನೆ. ಗೆಳೆಯನನ್ನು ಮಣ್ಣಿನಡಿ ಇಟ್ಟಿದ್ದಾರೆ. ಅವನು ಹೊರಗೆ ಬಂದ ಮೇಲೆ ಅಲ್ಲಿರುವ ಕೊಳದಲ್ಲಿ ತೊಳೆಯಬೇಕು ಅಂತ ಕಾಯುತ್ತಿದ್ದಾನೆ.

ಮೊದಲ ಸಲ ಆಡಿದಾಗ ನನಗೆ ಹದಿನಾಲ್ಕು. ಬಟನ್ ಒತ್ತಿ ಮುಂದೆ ಹೋಗಿದ್ದೆ. ಹೋದ ವರ್ಷ ಮತ್ತೆ ಆಡಿದೆ. ಅದರ ಹಿಂದಿನ ವರ್ಷ ನಮ್ಮ ಅಜ್ಜಿ ಹೋಗಿದ್ದರು. ಆ ಡೈಲಾಗ್ ಬಾಕ್ಸ್ ಮುಚ್ಚಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕುಪೋಕಾಯಿ
ಹೂಂ. ಆ ಕೊಳ.

ಟ್ರೆನೋ_ರಾತ್ರಿ
ವಾತಾವರಣ ಭಾರ ಆಯಿತು. ಉಪ್ಪಿನಕಾಯಿಗೆ ವಾಪಸ್ ಬರೋಣ. ಎರಡನೇ ಡಿಸ್ಕ್ ಶುರುವಿನಲ್ಲಿ ಸ್ಟೈನರ್ ರಾಜಕುಮಾರಿ ಡ್ಯಾಗರ್‌ಳನ್ನು ಮೂಟೆಯಲ್ಲಿ ಹಾಕಿ, ಮೇಲೆ ಉಪ್ಪಿನಕಾಯಿ ತುಂಬಿ, ಸೌತ್ ಗೇಟ್ ದಾಟಿಸುತ್ತಾನೆ. ಕಾವಲುಗಾರ ಮೂಗು ಮುಚ್ಚಿಕೊಂಡು ಬಿಟ್ಟು ಕಳಿಸುತ್ತಾನೆ. ಒಂದು ದೇಶದ ರಾಜಕುಮಾರಿ! ಆ ಅಜ್ಜಿ ಮಾರುವ ಸರಕಿನ ವಾಸನೆ ಆಮೇಲೆ ಕಥೆಗೇ ಬೇಕಾಗುತ್ತದೆ. ಸುಮ್ನೆ ಇಟ್ಟ ಅಂಗಡಿ ಅಲ್ಲ ಅದು.

ತುಕ್ಕು_ಸೇನಾನಿ
ಸ್ಟೈನರ್ ವಿಷಯ ಬಂತಲ್ಲ, ಬಹಳ ದಿನದಿಂದ ತಲೆಯಲ್ಲಿರುವ ಪ್ರಶ್ನೆ. ಇಂಗ್ಲಿಷ್‌ನಲ್ಲಿ ಅವನು ವಿವಿಯನ್ನು 'ಮಾಸ್ಟರ್ ವಿವಿ' ಅನ್ನುತ್ತಾನೆ. ಒಂಬತ್ತು ವರ್ಷದ ಹುಡುಗ ಅದು. ಇದೇ ಕನ್ನಡದಲ್ಲಿ ಇದ್ದಿದ್ದರೆ 'ವಿವಿಯವರೇ, ತಮ್ಮ ಬೆಂಕಿ ಮಂತ್ರವನ್ನು ನನ್ನ ಖಡ್ಗಕ್ಕೆ ದಯಪಾಲಿಸಬೇಕು' ಅನ್ನುತ್ತಿದ್ದ. ಪಕ್ಕದಲ್ಲೇ ಜಿಡಾನ್‌ಗೆ 'ಏಯ್ ಕಳ್ಳ, ದೂರ ನಿಲ್ಲೋ'. ಕನ್ನಡಕ್ಕೆ ಹೇಳಿ ಮಾಡಿಸಿದ ಪಾತ್ರ!

ಮಳೆಯೂರಿನ_ಫ್ರೇಯಾ
ಡ್ಯಾಗರ್‌ದು ಇನ್ನೂ ಮಜಾ. ಅವಳು ಅರಮನೆಯ ಭಾಷೆ ಬಿಟ್ಟು ಸಾಮಾನ್ಯರ ಹಾಗೆ ಮಾತಾಡಲು ಕಲಿಯುವುದೇ ಒಂದು ಕಥೆ. ಇಂಗ್ಲಿಷ್‌ನಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ. ಕನ್ನಡದಲ್ಲಾದರೆ ಒಂದೇ ಪದ ಸಾಕು. ಶುರುವಿನಲ್ಲಿ ಎಲ್ಲರಿಗೂ 'ತಾವು'. ಡಾಲಿಯಲ್ಲಿ ಕಷ್ಟಪಟ್ಟು 'ನೀವು'. ಎಂದೋ ಒಂದು ದಿನ ಜಿಡಾನ್‌ಗೆ 'ನೀನು' ಅಂದುಬಿಡುತ್ತಾಳೆ, ಅವಳಿಗೇ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗುತ್ತದೆ.

ಹುಬ್ಬಳ್ಳಿ_ಹುಡುಗ
ಕೊಂಡೆ ಪೆಟೀ ಊರಿನ ಕುಬ್ಜರಿಗೆ ನಮ್ಮ ಮಾತು ಕೊಡ್ರಿ. ಇಂಗ್ಲಿಷ್‌ನಾಗ ಸ್ಕಾಟ್ಲೆಂಡ್ ಮಂದಿ ಹಂಗ ಮಾತಾಡ್ತಾರ. 'ಬರ್ರೀ ಬರ್ರಿ! ಮದುವಿ ಆದ್ರ ಅಷ್ಟ ಮುಂದ ಬಿಡತೀವಿ ನೋಡ್ರಿ!' ಜಿಡಾನ್ ಮತ್ತ ಡ್ಯಾಗರ್‌ಗ ಅಲ್ಲೇ ಅಕ್ಷತಾ ಹಾಕಿ ಕಳಸೂದು.

ಕುಪೋಕಾಯಿ
ಎಂತ ಮಾರಾಯ್ರೆ, ಕುಂದಾಪ್ರದವರಿಗೆ ಯಾವ ಪಾತ್ರವೂ ಇಲ್ಲವಾ?

ಹುಬ್ಬಳ್ಳಿ_ಹುಡುಗ
ಕ್ವಿನಾ ತಗೋರಿ. ಇಡೀ ದಿನ ಊಟದ್ದ ಚಿಂತಿ, ಕಪ್ಪಿ ಹಿಡಿಯೂದು.

ಕುಪೋಕಾಯಿ
ನಾವು ಮೀನು ತಿನ್ನುವವರು, ಕಪ್ಪೆ ಅಲ್ಲ 😤

ಸುಮ್ನೆ_ಕೂತವ
ಕ್ವಿನಾ ಗಂಡೋ ಹೆಣ್ಣೋ ಅಂತ ಆಟ ಹೇಳುವುದಿಲ್ಲ. ಇಂಗ್ಲಿಷ್‌ನವರು ಎರಡೂ ಸರ್ವನಾಮ ಸೇರಿಸಿ ಗೀಟು ಹಾಕಿ ಬರೆದಿದ್ದಾರೆ, ಓದುವಾಗ ಕಲ್ಲು ಸಿಕ್ಕಿದ ಹಾಗೆ. ಕನ್ನಡದಲ್ಲಿ 'ಅವರು' ಅಂದರೆ ಮುಗಿಯಿತು.

ಮಳೆಯೂರಿನ_ಫ್ರೇಯಾ
'ಅವರು' ಜಾಸ್ತಿ ಗೌರವ ಆಯಿತು. 'ಪಾಪ, ಅದಕ್ಕೆ ಹೊಟ್ಟೆ ಹಸಿದಿದೆ' ಅನ್ನುತ್ತೇವಲ್ಲ ಮನೆ ಮಗುವಿಗೆ, ಹಾಗೆ 'ಅದು'.

ಮೊದಲಸಲ_21
ಒಂದು ತಾಂತ್ರಿಕ ಪ್ರಶ್ನೆ. ಪಾತ್ರಗಳು ಚೂಪಾಗಿ ಕಾಣುತ್ತವೆ, ಹಿಂದಿನ ಚಿತ್ರ ಮಾತ್ರ ಮಂಜು ಮಂಜು. ನನ್ನ ಮಾನಿಟರ್ ಕೆಟ್ಟಿದೆಯಾ?

ಸುಮ್ನೆ_ಕೂತವ
ಮಾನಿಟರ್ ಸರಿಯಿದೆ. ಆ ಹಿನ್ನೆಲೆಗಳೆಲ್ಲ ಮೊದಲೇ ಬಿಡಿಸಿಟ್ಟ ಚಿತ್ರಗಳು, ಹಳೆಯ ಟೀವಿಗೆ ತಕ್ಕ ಅಳತೆಯಲ್ಲಿ. 2016ರ ಮರುಬಿಡುಗಡೆಯಲ್ಲಿ ಪಾತ್ರಗಳನ್ನು ತಿದ್ದಿದರು, ಚಿತ್ರಗಳು ಹಾಗೇ ಉಳಿದವು. ಕಂಪ್ಯೂಟರ್‌ನಲ್ಲಾದರೆ ಮೊಗುರಿ ಮಾಡ್ ಹಾಕಿಕೋ. ಅಭಿಮಾನಿಗಳು ಮಾಡಿದ್ದು. ಒಂದೊಂದು ಹಿನ್ನೆಲೆಯನ್ನೂ ದೊಡ್ಡದು ಮಾಡಿ ಚೊಕ್ಕ ಮಾಡಿದ್ದಾರೆ. ಫೋನ್‌ನಲ್ಲಿ ಅದು ಆಗುವುದಿಲ್ಲ.

ಟ್ರೆನೋ_ರಾತ್ರಿ
ಹಾಕಿಕೊಂಡರೆ ಲಿಂಡ್‌ಬ್ಲಮ್‌ನ ಅಂಗಡಿ ಬೋರ್ಡ್, ಬಳ್ಳಿ, ಮೆಟ್ಟಿಲ ಮೇಲಿನ ಕಲೆ ಎಲ್ಲ ಕಾಣುತ್ತದೆ. @ಹಳೇ_ಮೆಮೊರಿಕಾರ್ಡ್ ನೀವು ಹಾಕಿಕೊಂಡಿದ್ದರೆ ನಿಮ್ಮ ಕಾಯಿಲೆಗೆ ಅದೇ ಕಾರಣ.

ತಮಾಷೆ ಏನು ಗೊತ್ತಾ? ಇಷ್ಟು ಮಂಜು, ಹಿಮ, ಕಲ್ಲಿನ ಕೋಟೆ ಇರುವ ಆಟವನ್ನು ಹೆಚ್ಚಾಗಿ ಮಾಡಿದ್ದು ಹವಾಯಿಯಲ್ಲಿ ಕೂತು. ಹೊರಗೆ ತೆಂಗಿನ ಮರ, ಸಮುದ್ರ. ಒಳಗೆ ಐಸ್ ಕ್ಯಾವರ್ನ್.

ಕುಪೋಕಾಯಿ
ಸಕಾಗುಚಿಗೆ ಇಡೀ ಸರಣಿಯಲ್ಲಿ ಇದೇ ಅಚ್ಚುಮೆಚ್ಚು ಅಂತೆ. ಸರಣಿ ಶುರು ಮಾಡಿದವರೇ ಹೇಳಿದ ಮೇಲೆ ಮುಗಿಯಿತಲ್ಲ.

ಸುಮ್ನೆ_ಕೂತವ
ನಿರ್ದೇಶಕ ಅವರಲ್ಲ, ಹಿರೊಯುಕಿ ಇಟೊ. ಸಕಾಗುಚಿ ನಿರ್ಮಾಪಕರು, ಕಥೆ ಅವರದು. ಎಲ್ಲರೂ ಇಟೊ ಹೆಸರು ಮರೆಯುತ್ತಾರೆ, ಅದಕ್ಕೆ ಹೇಳಿದೆ.

ಅಂದಹಾಗೆ ಈ ಲೋಕದ ಬಗ್ಗೆ ನನಗೆ ನಿಜವಾಗಿ ಇಷ್ಟವಾದದ್ದು ಮಂಜು. ಬರೀ ಅಲಂಕಾರಕ್ಕೆ ಇಟ್ಟಿಲ್ಲ ಅದನ್ನು. ಹಡಗು ಹಾರುವುದು ಅದರಿಂದ, ಮಾಂತ್ರಿಕರನ್ನು ತಯಾರಿಸುವುದು ಅದರಿಂದ, ಅದು ಬರುವುದು ಇಫಾ ಮರದ ಬುಡದಿಂದ. ಆ ಮರದಿಂದ ಮಂಜು ಬರುವುದು ನಿಂತ ದಿನ ಇಡೀ ಖಂಡದ ವಿಮಾನಗಳೂ ನಿಲ್ಲುತ್ತವೆ. ಆಮೇಲೆ ಲಿಂಡ್‌ಬ್ಲಮ್‌ನ ದೊರೆ ಸಿಡ್ ಉಗಿಯಿಂದ ಓಡುವ ಹಡಗು ಕಟ್ಟುತ್ತಾನೆ. ಒಂದು ಎಳೆ ಎಳೆದರೆ ಎಲ್ಲವೂ ಅಲುಗಾಡುತ್ತದೆ. ಕಥೆಯಲ್ಲಿ ಎಷ್ಟೇ ತೂತಿದ್ದರೂ ಲೋಕ ಗಟ್ಟಿ.

ತುಕ್ಕು_ಸೇನಾನಿ
ಆ ಸಿಡ್ ಹುಳ ಆಗಿದ್ದು ಹೆಂಡತಿಯ ಶಾಪದಿಂದ ಅನ್ನುವುದನ್ನು ಸೇರಿಸಿ. ಪರಸ್ತ್ರೀ ಚಪಲ. ದೇಶದ ಮುಖ್ಯಸ್ಥ, ಮೀಸೆ ಇರುವ ಹುಳ.

ಟ್ರೆನೋ_ರಾತ್ರಿ
@ಹಳೇ_ಮೆಮೊರಿಕಾರ್ಡ್ ಲಿಂಡ್‌ಬ್ಲಮ್ ಅಷ್ಟು ಇಷ್ಟ ಇದ್ದರೆ ನಿಮಗೆ ಇನ್ನೊಂದು ಕೆಲಸ. ಥಿಯೇಟರ್ ಬಡಾವಣೆಯಲ್ಲಿ ಜಿಡಾನ್‌ನ ಕಳ್ಳರ ಗುಂಪು ಟ್ಯಾಂಟಲಸ್‌ನವರ ಅಡಗುತಾಣ ಇದೆಯಲ್ಲ, ನಾಲ್ಕನೇ ಡಿಸ್ಕ್‌ನಲ್ಲಿ ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕು. ಕಥೆ ಸ್ವಲ್ಪ ಮುಂದೆ, ವಾಪಸ್ ಬಂದು ನೋಡು, ಮತ್ತೆ ಮುಂದೆ, ಮತ್ತೆ ವಾಪಸ್. ನೀರೋ ಕುಟುಂಬದ ಕಥೆ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಆಡುವವರಲ್ಲಿ ಇದು ಸುದ್ದಿಯಾಗಿದ್ದೇ 2013ರಲ್ಲಿ, ಆಟ ಬಂದು 13 ವರ್ಷದ ಮೇಲೆ. ಲೋಕ ಉಳಿಸಬೇಕಾದ ಹೊತ್ತಿನಲ್ಲಿ ಹಳೇ ಮನೆಗೆ ಹೋಗಿ ಬಾಗಿಲು ತಟ್ಟುವುದು ಯಾರಿಗೂ ಹೊಳೆದಿರಲಿಲ್ಲ.

ತುಕ್ಕು_ಸೇನಾನಿ
ಬಹುಮಾನ ಒಂದು ಉಂಗುರ. ಇಷ್ಟು ಸುತ್ತಾಟಕ್ಕೆ.

ಟ್ರೆನೋ_ರಾತ್ರಿ
ನಿಮಗೆ ಕತ್ತಿಯೂ ಸಿಗಲಿಲ್ಲ, ಉಂಗುರವೂ ಇಲ್ಲ. ಮಾತಾಡಬೇಡಿ.

ಹಳೇ_ಮೆಮೊರಿಕಾರ್ಡ್
ಇಷ್ಟೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ಕೊನೆಗೂ ಬೇಟೆ ಹಬ್ಬ ಶುರು ಮಾಡಿದೆ. ಗೆಳೆಯನಿಗೂ ಹೇಳಿದೆ, ವೇಗದ ಬಟನ್ ಕಾಳಗಕ್ಕೆ ಮಾತ್ರ ಅಂತ. ಜಿಡಾನ್ ಗೆದ್ದರೆ 5000 ಗಿಲ್, ಫ್ರೇಯಾ ಗೆದ್ದರೆ ಉಂಗುರ, ವಿವಿ ಗೆದ್ದರೆ ಒಂದು ಇಸ್ಪೀಟು ಕಾರ್ಡ್. ಬುದ್ಧಿ ಇರುವವನು ಉಂಗುರ ತೆಗೆದುಕೊಳ್ಳುತ್ತಾನೆ. ನಾನು ಒಂದು ಮೂಲೆಯಲ್ಲಿ ಸುಮ್ನೆ ನಿಂತೆ, ವಿವಿ ಗೆಲ್ಲಲಿ ಅಂತ. ಸಂಜೆ ಊಟದಲ್ಲಿ ಡ್ಯಾಗರ್ ಎಲ್ಲರಿಗೂ ನಿದ್ದೆಸೊಪ್ಪು ಹಾಕಿದಳು. ಎಲ್ಲರೂ ಉರುಳಿದರು. ಅಲ್ಲಿಗೆ ಸೇವ್ ಮಾಡಿ ನಾನೂ ಮಲಗಿದೆ.

ಮಳೆಯೂರಿನ_ಫ್ರೇಯಾ
ಫ್ರೇಯಾಗೆ ಉಂಗುರ ಕೊಡಿಸಲಿಲ್ಲವಾ! ನಾನು ನಿಮ್ಮ ಪರ ಇಷ್ಟು ಹೊತ್ತು ಮಾತಾಡಿದ್ದು ವ್ಯರ್ಥ.

ತುಕ್ಕು_ಸೇನಾನಿ
ಗಡಿಯಾರ ಈಗ ಎಷ್ಟು ತೋರಿಸುತ್ತಿದೆ?

ಹಳೇ_ಮೆಮೊರಿಕಾರ್ಡ್
19 ಗಂಟೆ 40 ನಿಮಿಷ.

ಹುಬ್ಬಳ್ಳಿ_ಹುಡುಗ
ಬೇಟೆಗೇ ಐದ ತಾಸು ಆತೇನ್ರಿ?

ಹಳೇ_ಮೆಮೊರಿಕಾರ್ಡ್
ಇಲ್ಲ ಇಲ್ಲ. ಅದಕ್ಕೆ ಮುಂಚೆ ಇನ್ನೊಂದು ಸಲ ಏರ್ ಕ್ಯಾಬ್ ಹತ್ತಿ ಬಂದೆ.